ಮೂವತ್ತೇಳನೆಯ ವಿಳಾಸ

ಬೆಳಗಿನ ಹೊತ್ತು ಬಂಗಾರಪೇಟೆ ನಿಲ್ದಾಣದಲ್ಲಿ ಎಲ್ಲರೂ ಬೆಂಗಳೂರಿನ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತಾರೆ. ಊಟದ ಡಬ್ಬಿಯ ಚೀಲ ಹೆಗಲಿಗೇರಿಸಿದ ಆ ಗುಂಪಿನ ನಡುವೆ ದಾರಿ ಮಾಡಿಕೊಂಡು ನಾನು ಮಾರಿಕುಪ್ಪಂ ಗಾಡಿಯ ಕಡೆ ಹೋಗುತ್ತಿದ್ದೆ. ಕೆ.ಜಿ.ಎಫ್.ನಿಂದ ಜನರನ್ನು ತುಂಬಿಕೊಂಡು ಬರುವ ಗಾಡಿಗಳು ಹಿಂದಿರುಗುವಾಗ ಬಹುಮಟ್ಟಿಗೆ ಖಾಲಿಯಾಗಿರುತ್ತವೆ. ಒಂದು ಇಡೀ ಬೋಗಿಯಲ್ಲಿ ನಾನೊಬ್ಬಳೇ ಕುಳಿತು, ಕೋರಮಂಡಲ್ ದಾಟಿ, ಚಾಂಪಿಯನ್ ರೀಫ್ಸ್‌ನಲ್ಲಿ ಇಳಿದ ದಿನಗಳೂ ಉಂಟು. ಆ ಪ್ರಯಾಣದಲ್ಲಿ, ಅಂದು ಪ್ರಾಂಶುಪಾಲರ ಎದುರು ಆಡಬೇಕಾಗಬಹುದಾದ ವಾಕ್ಯಗಳನ್ನು ತುಟಿ ಅಲ್ಲಾಡಿಸದೆ ಜೋಡಿಸಿಕೊಳ್ಳುತ್ತಿದ್ದೆ. ನಮ್ಮ ಹಳ್ಳಿಯ ಮಾತಿನಲ್ಲಿ ಹಕಾರ ಉದುರಿಹೋಗುತ್ತದೆ. ಪದವಿ ತರಗತಿಯ ಮೊದಲ ವಾರ ಅದಕ್ಕಾಗಿ ಸಹಪಾಠಿಗಳೆಲ್ಲ ನಕ್ಕಿದ್ದರು. ಅಂದಿನಿಂದ ಮೊದಲು ಮನಸ್ಸಿನಲ್ಲಿ ಬರೆದು, ತಿದ್ದಿ, ಆಮೇಲೆ ಮಾತನಾಡುವುದನ್ನು ಅಭ್ಯಾಸ ಮಾಡಿಕೊಂಡೆ.

ನಮ್ಮದು ಕುರಿ ಮೇಯಿಸುವ ಮನೆ. ನಮ್ಮ ವಂಶದಲ್ಲಿ ಪದವಿ ಪಡೆದವಳು ನಾನೇ ಮೊದಲು. ಹಳ್ಳಿಯಿಂದ ಬೆಳಗಿನ ಗಾಡಿಗೆ ಸರಿಹೊಂದುವ ಬಸ್ಸು ಇಲ್ಲದ ಕಾರಣ ಬಂಗಾರಪೇಟೆಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಲಸ ಸಿಕ್ಕಿದ್ದು ಚಾಂಪಿಯನ್ ರೀಫ್ಸ್‌ನ ಹಳೆಯ ಕಲ್ಲಿನ ಕಟ್ಟಡವೊಂದರಲ್ಲಿ ನಡೆಯುವ ಸಣ್ಣ ಕಾಲೇಜಿನಲ್ಲಿ. ಹುದ್ದೆ ಕಂಪ್ಯೂಟರ್ ಲ್ಯಾಬ್ ಸಹಾಯಕಿ, ಅವಧಿ ಒಂದು ವರ್ಷ. ಆ ವರ್ಷ ಮುಗಿಯುವುದಕ್ಕೆ ಒಂದೂವರೆ ತಿಂಗಳಿದ್ದಾಗ ಪ್ರಾಂಶುಪಾಲರು ನನ್ನನ್ನು ಕರೆಸಿಕೊಂಡರು. ಬೆಂಗಳೂರಿನ ಯಾವುದೋ ಕಚೇರಿ ಬಳಸಿ ಬಿಟ್ಟ ಮೂವತ್ತಾರು ಕಂಪ್ಯೂಟರುಗಳು ಕಾಲೇಜಿಗೆ ದಾನವಾಗಿ ಬಂದಿದ್ದವು. ಅವುಗಳ ಡಿಸ್ಕ್‌ಗಳಲ್ಲಿದ್ದುದನ್ನೆಲ್ಲ ಅಳಿಸಿಯೇ ಕಳುಹಿಸಿದ್ದರು. ರಜೆ ಮುಗಿದ ಕೂಡಲೇ ಕಾಲೇಜಿನ ತಪಾಸಣೆಗೆ ಸಮಿತಿ ಬರುವುದಿತ್ತು.

"ಅಷ್ಟರೊಳಗೆ ಎಲ್ಲವೂ ನಡೀಬೇಕು ನೋಡಿ. ನಡೆದರೆ ನಿಮ್ಮ ಮುಂದಿನ ವರ್ಷದ್ದು ಯೋಚನೆ ಮಾಡೋಣ," ಎಂದರು.

"ಖಂಡಿತ ಸರ್. ನನ್ನ ಶಕ್ತಿಮೀರಿ ಪ್ರಯತ್ನಿಸುತ್ತೇನೆ," ಎಂದೆ. ಆ ವಾಕ್ಯ ಗಾಡಿಯಲ್ಲೇ ಸಿದ್ಧವಾಗಿತ್ತು.

ಒಂದೊಂದು ಕಂಪ್ಯೂಟರಿಗೂ ಪೆನ್‌ಡ್ರೈವ್ ಚುಚ್ಚಿ, ಮುಂದೆ ಕುಳಿತು, ಅದು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಒತ್ತುತ್ತಾ, ಅದನ್ನು ನಡೆಸುವ ಯುನಿಕ್ಸ್ ಮಾದರಿಯ ವ್ಯವಸ್ಥೆಯನ್ನು ತುಂಬಬಹುದಿತ್ತು. ನಮಗೆ ಕಲಿಸಿದ್ದೂ ಅದನ್ನೇ. ಆದರೆ ನಾನು ಓದಿ ತಿಳಿದುಕೊಂಡಿದ್ದ ಇನ್ನೊಂದು ದಾರಿಯಿತ್ತು. ಲ್ಯಾಬಿನಲ್ಲಿ ಮೊದಲೇ ಇದ್ದ ಹಳೆಯ ಕಂಪ್ಯೂಟರೊಂದನ್ನು ಸರ್ವರ್ ಮಾಡಿ, ಹೊಸದಾಗಿ ಬಂದ ಮೂವತ್ತಾರನ್ನೂ ಕೇಬಲ್ ಮೂಲಕ ಅದಕ್ಕೆ ಜೋಡಿಸುವುದು. ಕೆಲವು ಕಂಪ್ಯೂಟರುಗಳು ವಿದ್ಯುತ್ ಬಂದ ತಕ್ಷಣ, ತಮ್ಮ ಡಿಸ್ಕನ್ನು ನೋಡುವ ಮೊದಲು, ಕೇಬಲಿನ ಮೇಲೆ ಒಂದು ಕೂಗು ಹಾಕುವಂತೆ ಹೊಂದಿಸಿರುತ್ತಾರೆ: ಯಾರಾದರೂ ಇದ್ದೀರಾ, ನನ್ನ ವಿಳಾಸ ಯಾವುದು, ನಾನು ಏನನ್ನು ಓದಿ ಏಳಬೇಕು? ಸರ್ವರ್ ಇದ್ದರೆ ಅದು ವಿಳಾಸವೊಂದನ್ನು ಕೊಟ್ಟು, ಎಬ್ಬಿಸುವ ಫೈಲನ್ನು ಕಳುಹಿಸಿ, ನಂತರ ಇಡೀ ವ್ಯವಸ್ಥೆಯನ್ನೇ ತುಂಬಿಸಿಬಿಡುತ್ತದೆ. ಯಾರೂ ಉತ್ತರಿಸದಿದ್ದರೆ ಕಂಪ್ಯೂಟರು ಕೆಲವು ಕ್ಷಣ ಕಾದು, ಸುಮ್ಮನೆ ತನ್ನ ಡಿಸ್ಕಿನ ಕಡೆ ತಿರುಗುತ್ತದೆ. ದಾನವಾಗಿ ಬಂದ ಕಂಪ್ಯೂಟರುಗಳೆಲ್ಲ ಹಾಗೆ ಕೂಗುವ ಜಾತಿಯವು. ಆ ಹಳೆಯ ಕಚೇರಿಯಲ್ಲಿ ಅವುಗಳಿಗೆ ಉತ್ತರಿಸುವ ಸರ್ವರ್ ಒಂದು ಇದ್ದಿರಬೇಕು.

ರಜೆಯ ಕಾಲೇಜಿನಲ್ಲಿ ಶಬ್ದವೇ ಇರಲಿಲ್ಲ. ಗಾಳಿ ಎದ್ದ ದಿನ, ಗಣಿಯವರು ಚಿನ್ನ ತೆಗೆದು ರಾಶಿ ಹಾಕಿದ ಸೈನೈಡ್ ದಿಬ್ಬದ ಸಣ್ಣ ಪುಡಿ ಕಿಟಕಿಯ ಸಂದಿಗಳಿಂದ ಬಂದು ಮೇಜುಗಳ ಮೇಲೆ ಕೂರುತ್ತಿತ್ತು. ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸಿದರೆ ಮಧ್ಯಾಹ್ನ ಮತ್ತೆ ಬೆರಳಿನಲ್ಲಿ ಬರೆಯುವಷ್ಟು. ನಾನು ಮಾತನಾಡಿದ್ದೇ ಕಡಿಮೆ. ಹಾಗೆ ಮಾತನಾಡಿದ ಒಂದೇ ಜೀವವೆಂದರೆ ಪಕ್ಕದ ಗ್ರಂಥಾಲಯದ ಅಟೆಂಡರ್. ಅರವತ್ತು ದಾಟಿದವರು, ಗಣಿ ಮುಚ್ಚುವವರೆಗೆ ನೆಲದ ಕೆಳಗೆ ಕೆಲಸ ಮಾಡಿದವರು. ಟೀ ಅಂಗಡಿಯವನೊಂದಿಗೆ ತಮಿಳು, ಗುಡಿಸುವ ಅಮ್ಮನೊಂದಿಗೆ ತೆಲುಗು, ನನ್ನೊಂದಿಗೆ ಆಗಾಗ ಹಕಾರ ಉದುರುವ ಕನ್ನಡ. ಅವರನ್ನು ನಾನು ಅಂಕಲ್ ಎನ್ನುತ್ತಿದ್ದೆ.

"ಸಾಪ್ಟಿಯಾಮ್ಮಾ? ಊಟ ಆಯ್ತಾ?" ಎನ್ನುತ್ತ ಹನ್ನೊಂದು ಗಂಟೆಗೇ ಫ್ಲಾಸ್ಕ್ ಹಿಡಿದು ಬರುತ್ತಿದ್ದರು.

"ಹನ್ನೊಂದು ಗಂಟೆಗೆ ಯಾರಾದರೂ ಊಟ ಮಾಡುತ್ತಾರೆಯೇ ಅಂಕಲ್?"

"ಬೆಳಿಗ್ಗೆ ಶಿಫ್ಟಿನೋರು ಮಾಡ್ತಿದ್ರು. ನೀನು ಯಾಕಮ್ಮಾ ರೇಡಿಯೋದಲ್ಲಿ ನ್ಯೂಸ್ ಓದೋರ್ ತರ ಮಾತಾಡ್ತೀಯಾ? ನಾನು ಪ್ರಿನ್ಸಿಪಾಲಾ?"

ಫ್ಲಾಸ್ಕಿನ ಮುಚ್ಚಳದಲ್ಲಿ ನನಗೆ, ಉಕ್ಕಿನ ಲೋಟದಲ್ಲಿ ತಮಗೆ ಟೀ ಸುರಿಯುತ್ತಿದ್ದರು. ಆ ಹದಿನೈದು ನಿಮಿಷಕ್ಕಾಗಿ ನಾನು ಬೆಳಗಿನಿಂದ ಕಾಯುತ್ತಿದ್ದೆನೆಂಬುದನ್ನು ಅವರಿಗೆ ತೋರಿಸಿಕೊಂಡಿರಲಿಲ್ಲ.

ಒಮ್ಮೆ ಅವರು ಗಣಿಯಲ್ಲಿ ಸಿಡಿಮದ್ದು ಹಾರಿಸುವ ಕ್ರಮವನ್ನು ವಿವರಿಸಿದರು. ಬಂಡೆಯಲ್ಲಿ ಕೊರೆದ ಪ್ರತಿ ತೂತಿಗೂ ಮದ್ದು ತುಂಬಿ, ದೂರ ಹೋಗಿ, ಸದ್ದುಗಳನ್ನು ಎಣಿಸಬೇಕು.

"ಹತ್ತು ಹೋಲ್ ಹಾಕಿದ್ರೆ ಹತ್ತು ಸದ್ದು ಬರ್ಬೇಕು. ಒಂಬತ್ತೇ ಬಂತಾ, ಒಂದು ಒಳಗೇ ಕೂತಿದೆ ಅಂತ ಅರ್ಥ. ಮಿಸ್‌ಫೈರ್. ಆವಾಗ ಮನೆಗೆ ಓಗಂಗಿಲ್ಲ. ಮುಂದಿನ ಶಿಫ್ಟಿನ ಆಳು ಬರೋವರ್ಗೂ ನಿಂತಿದ್ದು, ಅವ್ನ ಮುಖ ನೋಡಿ ಏಳ್ಬೇಕು. ಇಂಥಾ ಜಾಗ, ಇಂಥಾ ಹೋಲ್, ಉಳ್ಕೊಂಡಿದೆ ಅಂತ."

"ಪುಸ್ತಕದಲ್ಲಿ ಬರೆದಿಟ್ಟರೆ ಸಾಲದೇ?"

"ಬರೀತಿದ್ವಿ. ಬರೆದ್ರೂ ಬಾಯಲ್ಲಿ ಏಳ್ಬೇಕು. ಬರೆದಿದ್ದನ್ನ ಅವ್ನು ಓದ್ದೇ ಇಳಿದ್ರೆ? ಅದೇ ಹೋಲ್ ಮೇಲೆ ಡ್ರಿಲ್ ಇಡ್ತಾನೆ." ಲೋಟದಲ್ಲಿ ಉಳಿದ ಟೀಯನ್ನು ಅವರು ಒಂದೇ ಗುಟುಕಿಗೆ ಮುಗಿಸಿದರು. "ನಾನು ಎರಡ್ಸಲ ನಿಂತಿದೀನಿ. ಒಂದ್ಸಲ ಮನೇಲಿ ಮಗಳಿಗೆ ಹೆಸರಿಡೋ ದಿನ. ನನ್ ಹೆಂಡ್ತಿ ಇವತ್ತಿಗೂ ಆಡ್ಕೋತಾಳೆ."

ಗ್ರಂಥಾಲಯದಲ್ಲಿಯೂ ಒಂದು ಕಂಪ್ಯೂಟರಿತ್ತು. ನಾಲ್ಕು ವರ್ಷದ ಹಿಂದೆ ಅದೇ ಕಚೇರಿಯಿಂದ ಮೊದಲ ದಾನವಾಗಿ ಬಂದದ್ದು. ಪುಸ್ತಕಗಳ ಪಟ್ಟಿಗೆಂದು ಕೊಟ್ಟಿದ್ದರೂ, ಮೂರು ಗಂಟೆಯ ಮೇಲೆ ಓದುಗರು ಯಾರೂ ಬಾರದ ಹೊತ್ತಿನಲ್ಲಿ ಅವರು ಅದರಲ್ಲಿ ತಮ್ಮದೇ ಒಂದು ಪಟ್ಟಿ ಮಾಡುತ್ತಿದ್ದರು. ಗಣಿಯವರು ಕಾರ್ಮಿಕರಿಗೆಂದು ಕಟ್ಟಿಸಿದ ಸಾಲುಮನೆಗಳಿಗೆ ಇಲ್ಲಿ ಲೈನು ಎನ್ನುತ್ತಾರೆ. ಒಂದೊಂದು ಲೈನಿನಲ್ಲಿ ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಯಾರಿದ್ದರು, ಕೆಳಗೆ ಏನು ಕೆಲಸ ಮಾಡುತ್ತಿದ್ದರು, ಗಣಿ ಮುಚ್ಚಿದ ಮೇಲೆ ಎಲ್ಲಿಗೆ ಹೋದರು ಎಂಬುದನ್ನು ಬಲಗೈ ತೋರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದರು. ಐದು ಲೈನು ಮುಗಿದಿತ್ತು.

"ಓದೋರು ಯಾವತ್ತಾದ್ರೂ ವಾಪಸ್ ಬಂದು, ನಮ್ ಪಕ್ಕದ ಮನೆಯೋರು ಎಲ್ಲಿ ಅಂದ್ರೆ, ಏಳಕ್ಕೆ ಒಬ್ರು ಬೇಕಲ್ಲಮ್ಮಾ," ಎಂದಿದ್ದರು. ಅವರ ಮಾತಿನಲ್ಲಿ ಓದೋರು ಎಂದರೆ ಹೋದವರು. ನಮ್ಮ ಹಳ್ಳಿಯಲ್ಲೂ ಹಾಗೆಯೇ. ಆ ಮಾತು ಕೇಳುವುದೇ ನನಗೆ ಒಂದು ವಿಶ್ರಾಂತಿಯಾಗಿತ್ತು.

ನನ್ನ ಸರ್ವರ್ ನಿಂತು ಮಾತನಾಡಲು ಒಂಬತ್ತು ದಿನ ಹಿಡಿಯಿತು. ಮೊದಲು ಅದು ವಿಳಾಸ ಕೊಡುತ್ತಿತ್ತು, ಫೈಲು ಕೊಡುತ್ತಿರಲಿಲ್ಲ. ಆಮೇಲೆ ಫೈಲು ಕೊಡುತ್ತಿತ್ತು, ಕಂಪ್ಯೂಟರು ಅರ್ಧಕ್ಕೆ ಎದ್ದು ನಿಂತುಬಿಡುತ್ತಿತ್ತು. ಕೊನೆಗೆ ಒಂದು ಕಂಪ್ಯೂಟರು ಪೂರ್ತಿಯಾಗಿ ಎದ್ದಿತು. ಇನ್ನು ಉಳಿದದ್ದು ಉತ್ತರಗಳ ಫೈಲು. ವ್ಯವಸ್ಥೆ ತುಂಬಿಕೊಳ್ಳುವಾಗ ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರವನ್ನು ಮೊದಲೇ ಒಂದು ಫೈಲಿನಲ್ಲಿ ಬರೆದಿಟ್ಟರೆ, ಯಾವ ಕಂಪ್ಯೂಟರಿನ ಮುಂದೆಯೂ ಕೂರಬೇಕಾಗಿಲ್ಲ. ಭಾಷೆ ಯಾವುದು, ಗಡಿಯಾರ ಯಾವ ದೇಶದ್ದು, ಬಳಕೆದಾರರ ಹೆಸರೇನು. ಡಿಸ್ಕಿನಲ್ಲಿರುವುದೆಲ್ಲವೂ ಅಳಿಸಿಹೋಗುತ್ತದೆ, ಮುಂದುವರಿಯಬಹುದೇ? ಹೌದು. ನಿಜವಾಗಿಯೂ? ಹೌದು.

ಪ್ರಶ್ನೆ ಕೇಳಿದರೆ ಮಾತು ಜೋಡಿಸಿಕೊಳ್ಳಲು ಹೊತ್ತು ಬೇಕಾಗುವ ನನಗೆ ಆ ಫೈಲು ಬಹಳ ಪ್ರಿಯವಾಗಿತ್ತು. ಯಾರು ಏನೇ ಕೇಳಿದರೂ ಉತ್ತರ ಆಗಲೇ ಸಿದ್ಧ, ಅದೂ ತಪ್ಪಿಲ್ಲದ್ದು. ಕೊನೆಗೆ, ವ್ಯವಸ್ಥೆ ತುಂಬಿದ ಮೇಲೆ ಪರದೆಯಲ್ಲಿ ಮೂಡುವ ಸ್ವಾಗತ ವಾಕ್ಯವನ್ನೂ ಬರೆದೆ: "ಕಂಪ್ಯೂಟರ್ ಪ್ರಯೋಗಾಲಯಕ್ಕೆ ತಮಗೆ ಆದರದ ಸುಸ್ವಾಗತ." ಆದರದ ಎಂಬುದನ್ನು ಹಾಕಬೇಕೇ ಬೇಡವೇ ಎಂದು ಒಂದು ಇಡೀ ಗಾಡಿ ಪ್ರಯಾಣದಲ್ಲಿ ಯೋಚಿಸಿದ್ದೆ.

ಸರ್ವರ್ ಯಾವ ಯಾವ ಕಂಪ್ಯೂಟರಿಗೆ ಉತ್ತರಿಸಬೇಕೆಂದು ಪಟ್ಟಿ ಮಾಡಿ ಮಿತಿ ಹಾಕಬಹುದೆಂದು ನಾನು ಓದಿದ ಬರಹದಲ್ಲಿತ್ತು. ಪ್ರತಿ ಕಂಪ್ಯೂಟರಿನ ಹಿಂಭಾಗದ ಚೀಟಿಯನ್ನು ನೋಡಿ ಮೂವತ್ತಾರು ಉದ್ದುದ್ದ ಸಂಖ್ಯೆಗಳನ್ನು ಬರೆದುಕೊಳ್ಳಬೇಕಿತ್ತು. ಲ್ಯಾಬಿನ ಕೇಬಲ್‌ಗಳೆಲ್ಲ ಲ್ಯಾಬಿನೊಳಗೇ ಸುತ್ತುತ್ತವೆ, ಹೊರಗಿನವರು ಯಾರು ಬರುತ್ತಾರೆ ಎಂದು ಬಿಟ್ಟೆ. ಬುಧವಾರ ಸಂಜೆ ಹೊರಡುವ ಮುನ್ನ ಕೋಣೆಯನ್ನು ಅಚ್ಚುಕಟ್ಟು ಮಾಡುವಾಗ ಮೂಲೆಯ ಗೋಡೆಯಿಂದ ಬೂದು ಬಣ್ಣದ ಕೇಬಲೊಂದು ಜೋತುಬಿದ್ದಿರುವುದು ಕಂಡಿತು. ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆಯಲ್ಲಿ ಒಂದು ಕಿಂಡಿ ಖಾಲಿಯಿತ್ತು. ಲ್ಯಾಬಿನದೇ ಯಾವುದೋ ಸಾಕೆಟ್ಟಿನದಿರಬೇಕೆಂದು ಅದನ್ನು ಅಲ್ಲಿ ಸಿಕ್ಕಿಸಿದೆ. ತಪಾಸಣೆಯವರು ಬಂದಾಗ ಒಂದು ಕೇಬಲ್ ಜೋತಾಡುತ್ತಿದ್ದರೆ ಏನೆಂದುಕೊಂಡಾರು ಎಂಬುದಷ್ಟೇ ಆಗ ನನ್ನ ತಲೆಯಲ್ಲಿದ್ದ ವಿಚಾರ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಮೂವತ್ತಾರನ್ನೂ ಹಚ್ಚಿದೆ. ಒಂದೊಂದೇ ಪರದೆ ಬೆಳಗಿ, ಕೂಗಿ, ಉತ್ತರ ಪಡೆದು, ಅಕ್ಷರಗಳನ್ನು ಹರಿಯಬಿಡತೊಡಗಿತು. ಕುರ್ಚಿಗಳೆಲ್ಲ ಖಾಲಿ, ಪರದೆಗಳೆಲ್ಲ ದುಡಿಯುತ್ತಿವೆ. ನಾನು ನಡುವೆ ನಿಂತಿದ್ದೆ. ಯಾರಿಗಾದರೂ ಹೇಳಬೇಕೆನಿಸಿ ಅವ್ವನಿಗೆ ಫೋನು ಮಾಡಿದೆ.

"ಎಲ್ಲಾ ಒಂದೇ ಸಲ ಎದ್ದವಾ?" ಎಂದಳು ಅವ್ವ.

"ಒಂದೇ ಸಲ ಕಣವ್ವಾ. ನಾ ಮುಟ್ಟಲೇ ಇಲ್ಲ."

"ನಿಮ್ಮಪ್ಪ ಕೂಗಿದ್ರೆ ಕುರಿ ಏಳಂಗೆ ಅನ್ನು. ಅಂಗಾರೆ ಇದಕ್ಯಾಕೆ ಅಷ್ಟ್ ಓದಿದ್ದು?" ಎಂದು ನಕ್ಕಳು. ಹಿಂದಿನಿಂದ ಮರಿಗಳ ಸದ್ದು ಬರುತ್ತಿತ್ತು. "ಇಡ್ತೀನಿ, ನೀರ್ ಕುಡಿಸ್ಬೇಕು."

ಮುಕ್ಕಾಲು ಗಂಟೆಯಲ್ಲಿ ಎಲ್ಲ ಪರದೆಗಳಲ್ಲೂ ನನ್ನ ಸ್ವಾಗತ ವಾಕ್ಯ ಮೂಡಿತು. ಸರ್ವರಿನ ದಾಖಲೆ ತೆರೆದು, ಕೊಟ್ಟ ವಿಳಾಸಗಳನ್ನು ಎಣಿಸಿದೆ. ಮೂವತ್ತೇಳಿದ್ದವು. ಬಹುಶಃ ಯಾವುದೋ ಒಂದು ಎರಡು ಸಲ ಕೇಳಿರಬೇಕೆಂದುಕೊಂಡೆ. ಅಂದು ಅಂಕಲ್ ಟೀಗೆ ಬರಲಿಲ್ಲ. ಕೆಲಸ ಮುಗಿದುದನ್ನು ತೋರಿಸಬೇಕೆಂಬ ಉತ್ಸಾಹದಿಂದ ನಾನೇ ಗ್ರಂಥಾಲಯಕ್ಕೆ ಹೋದೆ.

ಅವರು ಕನ್ನಡಕ ಹಣೆಗೇರಿಸಿ ಪರದೆಯ ಹತ್ತಿರಕ್ಕೆ ಬಾಗಿ ಕುಳಿತಿದ್ದರು. ಪರದೆಯ ಮೇಲೆ ನನ್ನ ವಾಕ್ಯವಿತ್ತು. ಕಂಪ್ಯೂಟರ್ ಪ್ರಯೋಗಾಲಯಕ್ಕೆ ತಮಗೆ ಆದರದ ಸುಸ್ವಾಗತ.

"ಬಾಮ್ಮಾ. ನೋಡು ಇದೇನೋ ಹೊಸದಾಗಿ ಬಂದುಬಿಟ್ಟಿದೆ," ಎಂದರು. "ಬೆಳಿಗ್ಗೆ ಆನ್ ಮಾಡಿ ಪೇಪರ್ ಜೋಡಿಸ್ತಾ ಇದ್ದೆ. ಏನೋ ಅಕ್ಷರ ಓಡ್ತಾ ಇತ್ತು. ಒಂದೊಂದ್ಸಲ ಹಂಗೆ ಮಾಡುತ್ತಲ್ಲ ಅಂತ ಸುಮ್ನಿದ್ದೆ. ಆಮೇಲೆ ನಿಲ್ಲಿಸಣ ಅಂತ ಒಂದೆರಡು ಬಟನ್ ಒತ್ತಿದೆ. ಅದರಲ್ಲೇ ಕೆಟ್ಟಿರ್ಬೇಕು. ನನ್ ಲಿಸ್ಟು ಎಲ್ಲಿ ಓಗಿದೆ ನೋಡಮ್ಮಾ."

ನನಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಆ ಬೂದು ಕೇಬಲ್ ಗೋಡೆಯಾಚೆ ಇದೇ ಕೋಣೆಗೆ ಬರುತ್ತಿತ್ತು. ಈ ಕಂಪ್ಯೂಟರು ನಾಲ್ಕು ವರ್ಷದಿಂದ ಪ್ರತಿ ಬೆಳಿಗ್ಗೆ ಹತ್ತು ಗಂಟೆಗೆ ಯಾರಾದರೂ ಇದ್ದೀರಾ ಎಂದು ಕೂಗುತ್ತ, ಯಾರೂ ಓಗೊಡದೆ ತನ್ನ ಡಿಸ್ಕಿಗೆ ಮರಳುತ್ತ ಬಂದಿತ್ತು. ಆ ದಿನ ಮೊದಲ ಬಾರಿಗೆ ಓಗೊಟ್ಟವಳು ನಾನು. ಅಳಿಸಬಹುದೇ ಎಂದು ಅದು ಕೇಳಿದ್ದಕ್ಕೆ ಎರಡು ಸಲ ಹೌದು ಎಂದವಳೂ ನಾನೇ.

"ನೋಡುತ್ತೇನೆ ಅಂಕಲ್," ಎಂದೆ.

ಡಿಸ್ಕನ್ನು ಬಿಚ್ಚಿ ಲ್ಯಾಬಿಗೆ ತಂದೆ. ಅಳಿಸಿದ್ದನ್ನು ಹುಡುಕಿ ತೆಗೆಯುವ ತಂತ್ರಾಂಶವನ್ನು ಸಂಜೆಯವರೆಗೆ ಓಡಿಸಿದೆ. ಯಾರದೋ ಮದುವೆ ಆಮಂತ್ರಣದ ಅರ್ಧ ಚಿತ್ರ ಸಿಕ್ಕಿತು. ಹಳೆಯ ಕ್ಯಾಲೆಂಡರಿನ ಒಂದು ತಿಂಗಳು ಸಿಕ್ಕಿತು. ಒಂದು ಮನೆಯೂ ಸಿಗಲಿಲ್ಲ.

ಶುಕ್ರವಾರ ನಾನು ಲ್ಯಾಬಿನ ಬೀಗ ತೆಗೆಯುವ ಮೊದಲೇ ಅಂಕಲ್ ಬಾಗಿಲ ಬಳಿ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ನೇರವಾಗಿ ನನ್ನ ಮುಖ ನೋಡಿದರು.

"ಏಳ್ಬೇಕು ಅಂತ ನಿಂತಿದೀನಮ್ಮಾ. ಆ ಮಿಷನ್ನು ಕೆಡ್ಸಿದ್ದು ನಾನೇ. ಯಾವ ಬಟನ್ನು ಅಂತ ಗೊತ್ತಿಲ್ಲ, ಆದ್ರೆ ನಾನೇ ಒತ್ತಿದ್ದು. ಪ್ರಿನ್ಸಿಪಾಲ್ರಿಗೂ ನಿನ್ನೆ ಸಾಯಂಕಾಲ ಏಳ್ಬಿಟ್ಟೆ. ನಾಳೆ ನಿನ್ ಮೇಲೆ ಬರಬಾರ್ದಲ್ಲ, ಆ ಹುಡುಗಿ ಏನೋ ಮಾಡಿದ್ಲು ಅಂತ."

ನಾನು ಬೀಗದ ಕೈಯನ್ನು ಹಿಡಿದುಕೊಂಡೇ ನಿಂತಿದ್ದೆ. ಆಗ ಹೇಳಬಹುದಿತ್ತು. ಹೇಳಲು ಅದಕ್ಕಿಂತ ಸುಲಭದ ಗಳಿಗೆ ಮತ್ತೆ ಬರುವುದಿಲ್ಲವೆಂಬುದೂ ತಿಳಿದಿತ್ತು. "ಪರವಾಗಿಲ್ಲ ಅಂಕಲ್," ಎಂದೆ. ಅವರು ಮಾಡದ ತಪ್ಪನ್ನು ನಾನು ಕ್ಷಮಿಸಿದಂತಾಯಿತು. ಹನ್ನೊಂದು ಗಂಟೆಗೆ ಅವರು ಫ್ಲಾಸ್ಕ್ ತಂದರು. ಮುಚ್ಚಳದಲ್ಲಿ ಕೊಟ್ಟ ಟೀಯನ್ನು ನಾನು ಕುಡಿದೆ.

ಮಧ್ಯಾಹ್ನ ಪ್ರಾಂಶುಪಾಲರು ಲ್ಯಾಬಿಗೆ ಬಂದು ಸಾಲುಗಳ ನಡುವೆ ಓಡಾಡಿದರು. ಬಹಳ ಸಂತೋಷವಾಗಿತ್ತು ಅವರಿಗೆ. "ಬಹಳ ಚೆನ್ನಾಗಿದೆ. ನಿಮ್ಮ ಮುಂದಿನ ವರ್ಷದ ಆದೇಶ ಪತ್ರದ ಬಗ್ಗೆ ಚಿಂತೆ ಬೇಡ," ಎಂದರು. ಹೊರಡುವಾಗ ತಿರುಗಿ, "ಗ್ರಂಥಾಲಯದ್ದನ್ನೂ ಇಲ್ಲಿಗೇ ತಂದುಬಿಡಿ. ಆ ಯಜಮಾನರ ಕೈಗೆ ಇನ್ನು ಕಂಪ್ಯೂಟರ್ ಬೇಡ. ಪುಸ್ತಕ ಜೋಡಿಸಿಕೊಂಡಿರಲಿ," ಎಂದರು.

"ಆಗಲಿ ಸರ್," ಎಂದೆ.

ಭಾನುವಾರ ಹಳ್ಳಿಗೆ ಹೋಗದೆ ಕೋಣೆಯಲ್ಲೇ ಉಳಿದೆ. ಕೆಳಗೆ ಗಿರಣಿ ಓಡುವಾಗ ನೆಲ ನಡುಗುತ್ತದೆ, ನಿಂತಾಗ ಮೌನ ಕಿವಿಗೆ ಬಡಿಯುತ್ತದೆ. ಆ ಮೌನದಲ್ಲಿ ಪ್ರಾಂಶುಪಾಲರಿಗೆ ಪತ್ರ ಬರೆಯಲು ಕುಳಿತೆ. "ಮಾನ್ಯರೇ, ತಾಂತ್ರಿಕ ಕಾರಣಗಳಿಂದ ಗ್ರಂಥಾಲಯದ ಗಣಕಯಂತ್ರದಲ್ಲಿದ್ದ ದತ್ತಾಂಶಕ್ಕೆ ನಷ್ಟವುಂಟಾಗಿರುವುದನ್ನು ವಿಷಾದಪೂರ್ವಕವಾಗಿ ತಮ್ಮ ಗಮನಕ್ಕೆ ತರಬಯಸುತ್ತೇನೆ." ಮೂರು ಸಲ ತಿದ್ದಿ ಬರೆದೆ. ಪ್ರತಿ ಸಲವೂ ಭಾಷೆ ಹೆಚ್ಚು ಶುದ್ಧವಾಗುತ್ತಾ ಹೋಯಿತು, ನಾನು ಮಾಡಿದ್ದು ಮಾತ್ರ ಅದರಲ್ಲಿ ಕಾಣದಾಗುತ್ತಾ ಹೋಯಿತು. ಆ ಪತ್ರವನ್ನು ಓದಿದ ಯಾರಿಗೂ ಒಬ್ಬ ಮನುಷ್ಯ ನಾಲ್ಕು ವರ್ಷ ಒಂದೇ ಬೆರಳಿನಿಂದ ಬರೆದದ್ದನ್ನು ಇನ್ನೊಬ್ಬಳು ಅಳಿಸಿದಳೆಂದು ಗೊತ್ತಾಗುತ್ತಿರಲಿಲ್ಲ. ಅವ್ವ ಫೋನು ಮಾಡಿದಾಗಲೂ ಹೇಳಲಿಲ್ಲ. ಆದೇಶ ಪತ್ರ ಬರುತ್ತದಂತೆ ಎಂದಷ್ಟೇ ಹೇಳಿದೆ. ಅವಳು ಊರಿಗೆಲ್ಲ ಹೇಳಿಬಂದಳು.

ಆ ಮಧ್ಯಾಹ್ನವೆಲ್ಲ ಒಂದೇ ಮಾತು ಸುತ್ತುತ್ತಿತ್ತು: ಬರೆದರೂ ಬಾಯಲ್ಲಿ ಹೇಳಬೇಕು. ಪತ್ರವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡೆ. ಸೋಮವಾರ ಒಂದು ಗಾಡಿ ಮೊದಲೇ ಹೊರಟು, ಗ್ರಂಥಾಲಯದ ಬಾಗಿಲ ಮುಂದಿನ ಮೆಟ್ಟಿಲ ಬಳಿ ನಿಂತೆ. ಒಂಬತ್ತೂವರೆಗೆ ಅಂಕಲ್ ಬಂದರು.

"ಏನಮ್ಮಾ ಇಷ್ಟು ಬೇಗ? ಪುಸ್ತಕ ಬೇಕಿತ್ತಾ?"

ಗಾಡಿಯಲ್ಲಿ ಸಿದ್ಧ ಮಾಡಿಕೊಂಡಿದ್ದ ವಾಕ್ಯ ಬಹಳ ಉದ್ದವಿತ್ತು. ಅದರ ಮೊದಲ ಪದವೂ ನೆನಪಾಗಲಿಲ್ಲ.

"ಅಂಕಲ್, ಅದು ನೀವಲ್ಲ. ನಾನು. ನಿಮ್ ಲಿಸ್ಟು ಅಳ್ಸಿದ್ದು ನನ್ ಸರ್ವರು. ಆ ಬೂದಿ ಕಲರ್ ಕೇಬಲ್ಲು ನಾನೇ ಚುಚ್ಚಿದ್ದು. ನೀವು ಯಾವ ಬಟನ್ ಒತ್ತಿದ್ರೂ ಏನೂ ಆಗ್ತಿರಲಿಲ್ಲ. ವಾಪಸ್ ಬರಲ್ಲ ಅದು. ಗುರುವಾರಾನೇ ಗೊತ್ತಾಯ್ತು. ಏಳ್ಲಿಲ್ಲ."

ಅವರು ಬೀಗದೊಳಗೆ ಕೀ ಹಾಕಿದವರು ತಿರುಗಿಸಲಿಲ್ಲ.

"ಗುರುವಾರಾನೇ?"

"ಹೂಂ."

"ಶುಕ್ರವಾರ ನಾನ್ ಬಂದು ನಿಂತು ಏಳ್ದಾಗ?"

"ಗೊತ್ತಿತ್ತು."

"ಅವತ್ತು ಟೀ ಕುಡಿದ್ಯಲ್ಲಮ್ಮಾ," ಎಂದರು. ಆಮೇಲೆ ಬೀಗ ತೆಗೆದು ಒಳಗೆ ಹೋಗಿ, ಒಂದು ಕದವನ್ನು ಮಾತ್ರ ತೆರೆದಿಟ್ಟು ಪೇಪರುಗಳನ್ನು ಜೋಡಿಸತೊಡಗಿದರು.

ಅಲ್ಲಿಂದ ಪ್ರಾಂಶುಪಾಲರ ಕೋಣೆಗೆ ಹೋಗಿ ಅದನ್ನೇ ಹೇಳಿದೆ. ಅವರು ಪೂರ್ತಿ ಕೇಳಿದರು. ಪತ್ರವನ್ನೂ ಕೊಟ್ಟೆ. ಅದನ್ನು ಓದಿ, "ಇದರಲ್ಲಿ ಹಾಗೆಲ್ಲ ಇಲ್ಲವಲ್ಲ," ಎಂದರು.

"ಅದಕ್ಕೇ ಬಾಯಲ್ಲಿ ಹೇಳಿದೆ ಸರ್."

"ಅಲ್ರೀ, ಹೇಳೋದಾದ್ರೆ ಅವತ್ತೇ ಹೇಳಬೇಕಿತ್ತು. ಇಲ್ಲಾ, ಹೇಳದೇ ಇದ್ದುಬಿಡಬೇಕಿತ್ತು. ಈಗ ನಾನೇನು ಮಾಡಲಿ?" ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಪಾಸಣೆ ಮುಗಿಯಲಿ, ನೋಡೋಣ. ಆ ಕಂಪ್ಯೂಟರು ಗ್ರಂಥಾಲಯದಲ್ಲೇ ಇರಲಿ."

ಅಂದೇ ಬೂದು ಕೇಬಲನ್ನು ಸ್ವಿಚ್ ಪೆಟ್ಟಿಗೆಯಿಂದ ಕಿತ್ತು, ತುದಿಗೆ "ಗ್ರಂಥಾಲಯ, ಇಲ್ಲಿ ಜೋಡಿಸಬೇಡಿ" ಎಂಬ ಚೀಟಿ ಕಟ್ಟಿದೆ. ನಂತರ ನೆಲದ ಮೇಲೆ ಮಂಡಿಯೂರಿ ಒಂದೊಂದು ಕಂಪ್ಯೂಟರಿನ ಹಿಂದೆಯೂ ಟಾರ್ಚ್ ಹಿಡಿದು ಮೂವತ್ತಾರು ಸಂಖ್ಯೆಗಳನ್ನು ಬರೆದುಕೊಂಡೆ. ಪಟ್ಟಿಯಲ್ಲಿ ಇಲ್ಲದವರು ಎಷ್ಟು ಕೂಗಿದರೂ ಸರ್ವರ್ ಸುಮ್ಮನಿರುವಂತೆ ಮಾಡಿದೆ. ಎರಡು ಗಂಟೆಯ ಕೆಲಸ. ಅದನ್ನು ಮೊದಲೇ ಮಾಡದೆ, ಸ್ವಾಗತ ವಾಕ್ಯದ ಒಂದು ಪದಕ್ಕಾಗಿ ಒಂದು ಇಡೀ ಪ್ರಯಾಣವನ್ನು ಕಳೆದಿದ್ದೆ.

ಗ್ರಂಥಾಲಯದ ಕಂಪ್ಯೂಟರನ್ನು ಮತ್ತೆ ಸರಿಮಾಡಿಕೊಟ್ಟೆ. ಅವರು ಅದನ್ನು ಹಚ್ಚಲಿಲ್ಲ. ಟೀಗೂ ಬರಲಿಲ್ಲ. ಎದುರಾದರೆ "ಬಂದ್ಯಾಮ್ಮಾ" ಎನ್ನುತ್ತಿದ್ದರು, ಅಷ್ಟೇ. ಹನ್ನೊಂದು ಗಂಟೆಗೆ ಗೋಡೆಯಾಚೆ ಫ್ಲಾಸ್ಕಿನ ಮುಚ್ಚಳ ತಿರುಗುವ ಸದ್ದು ಕೇಳುತ್ತಿತ್ತು. ನಾನು ನಿಲ್ದಾಣದ ಹತ್ತಿರದ ಅಂಗಡಿಗೆ ಹೋಗಿ ನಿಂತುಕೊಂಡು ಕುಡಿದು ಬರುತ್ತಿದ್ದೆ. ಸಮಿತಿಯವರು ಬಂದರು, ಮೂವತ್ತಾರು ಪರದೆಗಳನ್ನು ನೋಡಿದರು, ಸ್ವಾಗತ ವಾಕ್ಯವನ್ನು ಒಬ್ಬರು ಹೊಗಳಿದರು. ನನ್ನ ಆದೇಶ ಪತ್ರ ಬಂತು, ಒಂದು ವರ್ಷಕ್ಕಲ್ಲ, ಆರು ತಿಂಗಳಿಗೆ. ಅವ್ವನಿಗೆ ಆರು ತಿಂಗಳೆಂಬುದನ್ನೂ ಅದರ ಕಾರಣವನ್ನೂ ಹೇಳಿದೆ. ಅವಳು "ಆ ತಾತ ಈಗೇನಂತಾನೆ?" ಎಂದು ಮಾತ್ರ ಕೇಳಿದಳು. ಏನೂ ಅನ್ನುವುದಿಲ್ಲ ಎಂದೆ.

ಕಾಲೇಜು ಶುರುವಾಗಿ ಮೂರು ವಾರದ ಮೇಲೆ ಒಂದು ಸಂಜೆ ಅವರು ಲ್ಯಾಬಿನ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ.

"ನಿನ್ ಸರ್ವರಲ್ಲಿ ಜಾಗ ಇದೆಯಾ?"

"ಇದೆ ಅಂಕಲ್."

"ನಾನ್ ಅಲ್ಲಿ ಬರೆದ್ರೆ ಇಲ್ಲೂ ಒಂದು ಉಳಿಯೋ ತರ ಮಾಡಕ್ಕಾಗುತ್ತಾ?"

"ಆಗುತ್ತೆ. ದಿನಾ ಪೆನ್‌ಡ್ರೈವಲ್ಲಿ ತಂದು ಹಾಕ್ತೀನಿ. ಆ ಕೇಬಲ್ ಮುಟ್ಟಲ್ಲ. ನೀವು ಹೇಳಿ ಅಂಕಲ್, ನಾನು ಬರೆದುಕೊಡ್ತೀನಿ. ಬೇಗ ಆಗುತ್ತೆ," ಎಂದೆ.

"ಬೇಡ. ನಿಂಗೆ ಆ ಮನೆಗಳು ಗೊತ್ತಿಲ್ಲ." ಸಿಟ್ಟಿನಿಂದ ಹೇಳಿದ್ದಲ್ಲ. ನಿಜವನ್ನು ಹೇಳಿದ್ದು. ನಂತರ ಕೇಬಲಿನ ಚೀಟಿಯನ್ನು ದೂರದಿಂದಲೇ ಓದಿ ಹೊರಟರು.

ಅವರು ತಮ್ಮ ಲೈನಿನ ಮೊದಲ ಮನೆಯಿಂದ ಮತ್ತೆ ಶುರು ಮಾಡಿದರು. ಮೂರು ಗಂಟೆಯ ಮೇಲೆ ಗೋಡೆಯಾಚೆಯಿಂದ ಒಂದೇ ಬೆರಳಿನ ಸದ್ದು ಬರುತ್ತದೆ. ನಡುನಡುವೆ ಬಹಳ ಹೊತ್ತು ನಿಲ್ಲುತ್ತದೆ. ಅದಕ್ಕೆ ಕಾರಣವನ್ನು ಅವರೇ ಹೇಳಿದರು.

"ಒಂದ್ಸಲ ಬರೆದ್ಮೇಲೆ ತಲೆ ಬಿಟ್ಟುಬಿಡ್ತಮ್ಮಾ. ಬರೆದೈತಲ್ಲ, ಇನ್ನೇನು ಅಂತ. ಮುಂಚೆ ಕೇಳಿದ್ರೆ ಕಣ್ಮುಚ್ಕೊಂಡು ಏಳ್ತಿದ್ದೆ. ಈಗ ಹನ್ನೊಂದನೇ ಮನೆ ಬಾಗಿಲು ಕಾಣ್ಸುತ್ತೆ, ರಂಗೋಲಿ ಕಾಣ್ಸುತ್ತೆ, ಒಳಗಿರೋರು ಕಾಣ್ಸಲ್ಲ."

ನಾನು ಅಳಿಸಿದ್ದು ಡಿಸ್ಕನ್ನಷ್ಟೇ ಎಂದುಕೊಂಡಿದ್ದೆ.

ಈಗ ಸಂಜೆ ಅವರು ಗ್ರಂಥಾಲಯದ ಬೀಗ ಹಾಕಿಕೊಂಡು ಲ್ಯಾಬಿನ ಬಾಗಿಲಿಗೆ ಬರುತ್ತಾರೆ. ಟೀ ಇಲ್ಲ, ಹರಟೆ ಇಲ್ಲ. ನಿಂತುಕೊಂಡೇ ಆ ದಿನದ್ದು ಹೇಳುತ್ತಾರೆ: "ಇವತ್ತು ಎರಡು ಮನೆ. ಹನ್ನೊಂದು ಇನ್ನೂ ಹಂಗೇ ಇದೆ." ನಾನೂ ಹೇಳುತ್ತೇನೆ: "ಇಪ್ಪತ್ತೆರಡನೇ ಕಂಪ್ಯೂಟರು ಏಳ್ತಾ ಇಲ್ಲ ಅಂಕಲ್. ನಿಮ್ಮ ಫೈಲು ಎರಡು ಕಡೆ ಇದೆ, ನೋಡಿದೆ." ಅವರು ತಲೆಯಾಡಿಸುತ್ತಾರೆ. ನಿನ್ನೆ ಹೊರಡುವ ಮುನ್ನ ಒಂದು ಕ್ಷಣ ನಿಂತು, ನನ್ನ ಆರು ತಿಂಗಳು ಯಾವಾಗ ಮುಗಿಯುತ್ತದೆಂದು ಕೇಳಿದರು. ಮುಂದಿನ ತಿಂಗಳು ಎಂದೆ.

"ಬೇರೆಯೋರು ಬಂದ್ರೆ?"

"ಅವರು ಬರೋವರ್ಗೂ ನಿಂತಿದ್ದು ಏಳ್ತೀನಿ ಅಂಕಲ್. ಕೇಬಲ್ ಬಗ್ಗೆ, ನಿಮ್ ಫೈಲಿನ ಬಗ್ಗೆ. ಚೀಟಿ ಬರೆದಿದೀನಿ, ಆದ್ರೂ ಬಾಯಲ್ಲಿ ಏಳ್ತೀನಿ."

"ಗಾಡಿ ತಪ್ಪುತ್ತೆ."

"ಮುಂದಿನ ಗಾಡಿಗೆ ಓಗ್ತೀನಿ."

ಅವರು ನನ್ನ ಮುಖ ನೋಡಿ ಹೊರಟುಹೋದರು. ನಾನು ಮೂವತ್ತಾರನ್ನೂ ಆರಿಸಿ, ಸರ್ವರನ್ನು ಮಾತ್ರ ಹಚ್ಚಿಟ್ಟು, ಬಾಗಿಲು ಹಾಕಿಕೊಂಡು ನಿಲ್ದಾಣದ ಕಡೆ ನಡೆದೆ.